ಗಾಜು ಹೊದಿಸದೆ ಉಳಿಸಿಕೊಂಡ ಆಫೀಸು

ಬೆಂಗಳೂರಿನಲ್ಲಿ 1960ರ ದಶಕದಲ್ಲಿ ಕಟ್ಟಿದ ನಾಲ್ಕು ಮಹಡಿಯ ಆಫೀಸು ಅದು. ಅದನ್ನು ದುರಸ್ತಿ ಮಾಡಿಸುವ ಕೆಲಸ ನನ್ನದು. ಮುಂಭಾಗ ಪಶ್ಚಿಮಕ್ಕೆ. ಆ ಕಡೆ ಉದ್ದಕ್ಕೂ ಓರೆಯಾಗಿ ನಿಲ್ಲಿಸಿದ ಕಾಂಕ್ರೀಟ್ ಫಿನ್‌ಗಳು, ಅಂದರೆ ಬಿಸಿಲು ತಡೆಯುವ ತೆಳು ಹಲಗೆಯಂಥ ಪಟ್ಟಿಗಳು. ಮಾಲೀಕರು ಮೊದಲ ದಿನವೇ ಹೇಳಿದರು, "ಮೇಡಂ, ಇದನ್ನೆಲ್ಲ ಒಡೆದು ಗಾಜು ಹಾಕಿಬಿಡಿ."

ಏಪ್ರಿಲ್‌ನ ಒಂದು ದಿನ ಸಂಜೆ ನಾಲ್ಕಕ್ಕೆ ಅವರನ್ನು ಎರಡನೇ ಮಹಡಿಗೆ ಕರೆದುಕೊಂಡು ಹೋದೆ. ಹಿಂದೆ ಯಾರೋ ಎರಡು ಫಿನ್ ಒಡೆದು ಏಸಿ ಕೂರಿಸಿದ್ದರು. ಅಲ್ಲಿ ಬಿಸಿಲು ನೇರ ಮೇಜಿನ ಮೇಲೆ. ಪಕ್ಕದ ಮೇಜಿಗೆ ನೆರಳು, ಆದರೂ ಓದುವಷ್ಟು ಬೆಳಕು. ಎರಡೂ ಮೇಜು ಮುಟ್ಟಿ ನೋಡಿ ಎಂದೆ. ಆಮೇಲೆ ಗಾಜಿನ ಮಾತು ಬರಲಿಲ್ಲ. ಇಳಿಬಿಸಿಲನ್ನು ಕಿಟಕಿ ಮೇಲಿನ ಸಜ್ಜಾ ತಡೆಯುವುದಿಲ್ಲ, ಫಿನ್ ತಡೆಯುತ್ತದೆ. ಚಂಡೀಗಢದ ಸೆಕ್ರೆಟೇರಿಯಟ್‌ನಲ್ಲಿ ವಾಸ್ತುಶಿಲ್ಪಿ ಲ ಕಾರ್ಬುಸಿಯೆ 1950ರ ದಶಕದಲ್ಲಿ ಬಿಸಿಲನ್ನು ಗೋಡೆಯ ಹೊರಗೇ ತಡೆದಿದ್ದು ಇದೇ ಲೆಕ್ಕದಲ್ಲಿ.

ಆದರೆ ಫಿನ್‌ಗಳ ಸ್ಥಿತಿ ಚೆನ್ನಾಗಿರಲಿಲ್ಲ. ಅಲ್ಲಲ್ಲಿ ಕಾಂಕ್ರೀಟ್ ಉದುರಿ ಕಂಬಿ ಕಾಣುತ್ತಿತ್ತು. ಸ್ವಲ್ಪ ಒಡೆದು, ಹೊಸ ಮೈ ಮೇಲೆ ಕ್ಷಾರ ಇದೆಯೇ ಎಂದು ಬಣ್ಣದಲ್ಲಿ ತೋರಿಸುವ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದೆವು. ಕ್ಷಾರ ಉಳಿದಿರುವ ಕಾಂಕ್ರೀಟ್ ಗುಲಾಬಿಯಾಗುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗೆ ಇಳಿದು ಕ್ಷಾರ ಕಡಿಮೆಯಾದ ಕಡೆ ಬಣ್ಣವೇ ಬರುವುದಿಲ್ಲ. ನಮ್ಮಲ್ಲಿ ಕಂಬಿಯವರೆಗೂ ಬಣ್ಣ ಬರಲಿಲ್ಲ. ಕ್ಷಾರದ ಕಾವಲು ಹೋದರೆ ಕಂಬಿ ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456ರ 2000ದ ಆವೃತ್ತಿ ಪ್ರಕಾರ ಮಳೆಗೆ ಒಡ್ಡಿದ ಕಡೆ ಕಂಬಿಯ ಮೇಲೆ ಕನಿಷ್ಠ 30 ಮಿ.ಮೀ. ಕವರ್, ಅಂದರೆ ಕಾಂಕ್ರೀಟಿನ ಹೊದಿಕೆ, ಬೇಕು. ಇಲ್ಲಿ ಅದರ ಅರ್ಧವೂ ಇರಲಿಲ್ಲ.

ಸಡಿಲವಾದದ್ದನ್ನೆಲ್ಲ ಕಂಬಿಯ ಹಿಂಬದಿಯವರೆಗೂ ಕೆತ್ತಿ ತೆಗೆದೆವು. ತುಕ್ಕು ಉಜ್ಜಿ ಜಿಂಕ್ ಪ್ರೈಮರ್ ಹಚ್ಚಿದೆವು. ಆಮೇಲೆ ಪಾಲಿಮರ್ ಮಾರ್ಟರ್, ಅಂದರೆ ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆ, ತುಂಬಿ ತೇಪೆ ಹಾಕಿದೆವು. ಮೊದಲ ಮೂರು ತೇಪೆ ಕಣ್ಣಿಗೆ ಹೊಡೆಯುವಂತೆ ಕಂಡವು. ಹಳೆ ಫಿನ್ ಮೇಲೆ ಶಟರಿಂಗ್ ಹಲಗೆಯ ನಾರಿನ ಗೆರೆ ಇತ್ತು, ನಮ್ಮ ತೇಪೆ ನುಣ್ಣಗಿತ್ತು. ನಾನು ಎರಡು ದಿನ ನಿದ್ದೆ ಮಾಡಲಿಲ್ಲ. ದಾರಿ ಹೇಳಿದ್ದು ಮೇಸ್ತ್ರಿ. ಹಳೇ ಹಲಗೆಯೊಂದಕ್ಕೆ ಎಣ್ಣೆ ಸವರಿ ಹಸಿ ಗಾರೆಗೆ ಒತ್ತಿ ತೆಗೆದರು. ಗೆರೆ ಬಂತು! ಬಣ್ಣ ಹೊಂದಿಸಲು ಬಿಳಿ ಸಿಮೆಂಟ್ ಬೆರೆಸಿ ಹತ್ತಾರು ಸ್ಯಾಂಪಲ್ ಮಾಡಿ ಒಣಗಿಸಿ ನೋಡಿದೆವು. ಅವರಿಲ್ಲದೆ ಈ ಕೆಲಸ ಆಗುತ್ತಿರಲಿಲ್ಲ.

ಒಳಗಡೆ ಸೇರಿಸಿದ್ದಕ್ಕಿಂತ ತೆಗೆದದ್ದೇ ಜಾಸ್ತಿ. ಫಾಲ್ಸ್ ಸೀಲಿಂಗ್ ಕಿತ್ತಾಗ ಹನ್ನೊಂದು ಅಡಿ ಎತ್ತರ ಸಿಕ್ಕಿತು. ಕಟ್ಟಡದ ಅಗಲ ಕಡಿಮೆ, ಪಾರ್ಟಿಷನ್ ಹೋದ ಮೇಲೆ ಗಾಳಿ ಈ ಕಿಟಕಿಯಿಂದ ಆ ಕಿಟಕಿಗೆ ಆಡಿತು. ಫ್ಯಾನ್ ಮತ್ತೆ ಬಂತು. ಏಸಿ ಮೀಟಿಂಗ್ ರೂಮಿಗೂ ಸರ್ವರ್ ರೂಮಿಗೂ ಮಾತ್ರ. ಹಳೆ ವೈರಿಂಗ್ ಪೂರ್ತಿ ತೆಗೆಸಿದೆ. ಇಂದಿನ ಲೋಡ್ ಅದು ತಡೆಯುವುದಿಲ್ಲ. ಹೊಸ ಕೇಬಲ್ ತೊಲೆಯ ಪಕ್ಕದಲ್ಲೇ ಟ್ರೇಯಲ್ಲಿ, ಕಾಣುವ ಹಾಗೇ ಹೋಗುತ್ತದೆ. ವಿನೈಲ್ ಹಾಸಿನ ಕೆಳಗೆ ಹಸಿರು ಚಿಪ್ಸ್‌ನ ಮೊಸಾಯಿಕ್ ಸಿಕ್ಕಿತು. ಪಾಲಿಶ್ ಹೊಡೆಸಿದ್ದು ಬಿಟ್ಟರೆ ಅದಕ್ಕೆ ಏನೂ ಮಾಡಲಿಲ್ಲ.

ಇಡೀ ಕಟ್ಟಡಕ್ಕೆ ಹೆಂಗಸರಿಗೆ ಒಂದೇ ಶೌಚಾಲಯ ಇತ್ತು. ಆಗ ಹೆಂಗಸರು ಕೆಲಸಕ್ಕೆ ಬರುತ್ತಾರೆ ಎಂದೇ ಯಾರೂ ಯೋಚಿಸಿರಲಿಲ್ಲ, ಅಲ್ವಾ? ಪೈಪು ಹಾದು ಹೋಗುವ ಹಳೆ ದಾಖಲೆ ಕೋಣೆಗಳನ್ನು ಬಿಡಿಸಿ ಪ್ರತಿ ಮಹಡಿಗೂ ಮಾಡಿಸಿದೆ. ಬಾಗಿಲ ಮುಂದೆ ಮೂರು ಮೆಟ್ಟಿಲು, ಒಟ್ಟು ಎತ್ತರ 45 ಸೆಂ.ಮೀ. 1:12ರ ಇಳಿಜಾರಿಗೆ 5.4 ಮೀಟರ್ ರ‍್ಯಾಂಪ್ ಬೇಕಾಯಿತು. ಅದಕ್ಕೆ ಒಂದು ಕಾರಿನ ಜಾಗ ಬಿಡಿಸಲು ತಿಂಗಳು ಹಿಡಿಯಿತು.

ಪ್ರತಿ ಫಿನ್‌ಗೂ ಒಂದೊಂದು ನಂಬರ್ ಕೊಟ್ಟು, ಯಾವ ತೇಪೆ ಯಾವಾಗ ಹಾಕಿದ್ದು ಎಂದು ಬರೆದಿಟ್ಟಿದ್ದೇವೆ. ಮಳೆಗಾಲ ಮುಗಿದ ಮೇಲೆ ಮೇಸ್ತ್ರಿ ಜೊತೆ ಹೋಗಿ ಸಣ್ಣ ಸುತ್ತಿಗೆಯಿಂದ ಒಂದೊಂದನ್ನೂ ತಟ್ಟಿ ಕೇಳುತ್ತೇನೆ. ಪೊಳ್ಳು ಸದ್ದು ಬಂದ ಕಡೆ ಅವರು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾರೆ.