ಪರಿಸರದ ಬಗ್ಗೆ ಪಂಚಾಯತಿಗೆ ಸಲಹೆ ಕೊಡುವ ಸಮಿತಿ: ನಡೆಸುವುದು ಹೇಗೆ?

ತೋಡು (ಸಣ್ಣ ಹೊಳೆ) ಬತ್ತಿತು, ಗುಡ್ಡೆ ಅಗೆದರು ಅಂತ ಬೇಸರವಾದಾಗ ಹೊಸ ಸಂಘ ಕಟ್ಟಲು ಹೊರಡಬೇಡಿ. ಸಮಿತಿಗೆ ಕಾನೂನಿನಲ್ಲೇ ಜಾಗ ಇದೆ. 2002ರ ಜೀವವೈವಿಧ್ಯ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಪ್ರತಿ ಪಂಚಾಯತು, ನಗರಸಭೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಕೇರಳದಲ್ಲಿ ಪಂಚಾಯತು ಅಧ್ಯಕ್ಷರೇ ಇದಕ್ಕೂ ಅಧ್ಯಕ್ಷರು, ಪಂಚಾಯತು ಕಾರ್ಯದರ್ಶಿಯೇ ಇದಕ್ಕೂ ಕಾರ್ಯದರ್ಶಿ. ನಿಮ್ಮ ಪಂಚಾಯತಿಗೆ ಹೋಗಿ ಸದಸ್ಯರ ಪಟ್ಟಿ ಕೇಳಿ. ಕೊನೆಯ ಸಭೆ ಯಾವಾಗ ಆಯಿತು ಅಂತಲೂ ಕೇಳಿ.

ನಾನು ಅಡಕೆ ಕೃಷಿ ಮಾಡುವವಳು, ಕಾಸರಗೋಡಿನ ಗಡಿ ಭಾಗದ ಒಂದು ಪಂಚಾಯತಿನಲ್ಲಿ ಇಂಥ ಸಮಿತಿಯ ಸದಸ್ಯೆ. ನನಗೆ ಮನವರಿಕೆ ಆಗಿರುವುದು ಇಷ್ಟು: ಜಾಗದ ಹೆಸರು, ಅಳತೆ ಮತ್ತು ಸರಿಯಾದ ಸಮಯ, ಈ ಮೂರೂ ಇದ್ದರೆ ಸಲಹೆಗೆ ಬೆಲೆ ಬರುತ್ತದೆ. "ನೀರು ಉಳಿಸಿ, ಮರ ನೆಡಿ" ಅಂತ ಬರೆದುಕೊಟ್ಟರೆ ಯಾರೂ ಬೇಡ ಅನ್ನುವುದಿಲ್ಲ, ಯಾರೂ ಏನೂ ಮಾಡುವುದೂ ಇಲ್ಲ.

ಮೊದಲು ಜನ. ನಿವೃತ್ತ ಮಾಸ್ತರರು, ಸಂಘಟನೆಯವರು ಹೇಗೂ ಇರುತ್ತಾರೆ. ನೀರಿಗಾಗಿ ಗುಡ್ಡೆಯೊಳಗೆ ಅಡ್ಡಲಾಗಿ ಸುರಂಗ ಕೊರೆಯುವವರನ್ನು ಕರೆಯಿರಿ. ಗುಡ್ಡೆಯ ಹೊಟ್ಟೆಯಲ್ಲಿ ನೀರು ಎಲ್ಲಿ ಜಿನುಗುತ್ತದೆ ಅಂತ ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ. ಕೊರಗ ಸಮುದಾಯದ ಹಿರಿಯರು, ಜೇನು ಸಾಕುವವರು, ಮನೆಮನೆಗೆ ಹೋಗಿ ಪ್ಲಾಸ್ಟಿಕ್ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಅಕ್ಕಂದಿರು ಬೇಕು. ಎಲ್ಲರನ್ನೂ ಸದಸ್ಯರಾಗಿ ಮಾಡಲು ಆಗದಿದ್ದರೆ ಸಭೆಗೆ ಆಹ್ವಾನಿತರಾಗಿ ಕರೆಯಬಹುದು. ಕೂಲಿ ಕೆಲಸದವರಿಗೆ ಅನುಕೂಲವಾಗುವ ಹಾಗೆ ಸಭೆ ಭಾನುವಾರ ಇಡಿ.

ಊರಿನವರ ಮಾತು ಕಾಗದಕ್ಕೆ ಇಳಿಯುವುದು ಯಾಕೆ ಮುಖ್ಯ ಅಂತ ನಮ್ಮ ಕಡೆ ಯಾರಿಗೂ ವಿವರಿಸಬೇಕಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು 2000ದ ವರೆಗೂ ನಡೆಯಿತು. ದನಕರುಗಳಿಗೆ, ಮಕ್ಕಳಿಗೆ ಏನೋ ಆಗುತ್ತಿದೆ ಅಂತ ಮೊದಲು ಹೇಳಿದವರು ಊರಿನವರೇ. ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ.

ಇನ್ನು ಅಳತೆ. ನಮ್ಮಲ್ಲಿ ಜಾಸ್ತಿ ಕೆಲಸ ಆಗಬೇಕಾದ್ದು ಕಟ್ಟದ, ಅಂದರೆ ತೋಡಿನ ಅಡ್ಡಗಟ್ಟೆಯ ಬಗ್ಗೆ. ಮಳೆ ನಿಂತು ತೋಡಿನ ಹರಿವು ಸಣ್ಣದಾದ ಮೇಲೆ, ನವೆಂಬರ್–ಡಿಸೆಂಬರ್ ಹೊತ್ತಿಗೆ, ಕಲ್ಲು ಮಣ್ಣು ಹಾಕಿ ಅಡ್ಡ ಕಟ್ಟುವುದು ಹಳೆಯ ಪದ್ಧತಿ. ನಿಂತ ನೀರು ಪಕ್ಕದ ಮಣ್ಣಿಗೆ ಇಳಿದು ಬಾವಿಗಳಿಗೆ ಬರುತ್ತದೆ. ಒಂದೇ ಕಟ್ಟದಿಂದ ಹೆಚ್ಚೇನೂ ಆಗುವುದಿಲ್ಲ. ಒಂದೇ ತೋಡಿನಲ್ಲಿ ಸಾಲಾಗಿ ಹಲವು ಬೇಕು. ಹಾಗಾಗಿ ಇದು ಒಬ್ಬರ ತೋಟದ ಕೆಲಸ ಅಲ್ಲ, ಪಂಚಾಯತು ಕೈಹಾಕಬೇಕಾದ ಕೆಲಸ.

ಪಂಚಾಯತಿಗೆ ಇದನ್ನು ತೋರಿಸಿಕೊಡುವುದು ಹೀಗೆ. ಕಟ್ಟ ಬರಬೇಕಾದ ಜಾಗದ ಮೇಲ್ಗಡೆ ಎರಡು ಬಾವಿ, ಕೆಳಗಡೆ ಎರಡು ಬಾವಿ ಆರಿಸಿ. ತಿಂಗಳಿಗೊಮ್ಮೆ ಒಂದೇ ತಾರೀಕಿಗೆ, ಬೆಳಿಗ್ಗೆ ಪಂಪು ಹಾಕುವ ಮೊದಲು, ಬಾವಿಕಟ್ಟೆಯಿಂದ ನೀರಿನ ವರೆಗೆ ಹಗ್ಗ ಬಿಟ್ಟು ಅಳೆಯಿರಿ. ಹಗ್ಗದ ತುದಿಗೆ ಕಲ್ಲು, ಅಳೆಯಲು ಟೇಪು, ಬರೆಯಲು ಒಂದು ನೋಟ್‌ಬುಕ್ ಸಾಕು. ಶಾಲೆಯ ಮಕ್ಕಳನ್ನು ಸೇರಿಸಿಕೊಂಡರೆ ಒಳ್ಳೆಯದೇ. ಆದರೆ ಬಾವಿಯ ಹತ್ತಿರ ದೊಡ್ಡವರೇ ನಿಲ್ಲಬೇಕು.

ಗುಡ್ಡೆಯ ವಿಷಯಕ್ಕೆ ಬೇರೆ ದಾರಿ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಬಯಲನ್ನು ಬೇಸಿಗೆಯಲ್ಲಿ ನೋಡಿದವರಿಗೆ ಅದು ಬೋಳು ಜಾಗ. ಮಳೆಗಾಲದಲ್ಲಿ ಅಲ್ಲೇ ಪಳ್ಳಗಳು (ನೀರು ನಿಲ್ಲುವ ತಗ್ಗುಗಳು) ತುಂಬುತ್ತವೆ, ನೆಲಕ್ಕೆ ಅಂಟಿಕೊಂಡು ಸಣ್ಣ ನೀಲಿ ಹೂಗಳು ಅರಳುತ್ತವೆ. ಕಲ್ಲು ತೆಗೆಯುವ ಅರ್ಜಿ ಬಂದ ಮೇಲೆ ಓಡಾಡುವುದಕ್ಕಿಂತ ಮೊದಲೇ ಜೀವವೈವಿಧ್ಯ ದಾಖಲಾತಿ ಪುಸ್ತಕದಲ್ಲಿ ಆ ಜಾಗವನ್ನು ಸೇರಿಸಿ. ಊರಿನ ಗಿಡಮರ, ಪ್ರಾಣಿಪಕ್ಷಿಗಳನ್ನೆಲ್ಲ ಬರೆದಿಡುವ ಈ ಪುಸ್ತಕ ಮಾಡುವುದೇ ಸಮಿತಿಯ ಮುಖ್ಯ ಕೆಲಸ. ಜುಲೈ–ಆಗಸ್ಟಿನಲ್ಲಿ ಫೋಟೋ ತೆಗೆಯಿರಿ, ಸರ್ವೆ ನಂಬರ್ ಬರೆಯಿರಿ. 2023ರಲ್ಲಿ ಕಾಸರಗೋಡು ತನ್ನದೇ ಜಿಲ್ಲಾ ಮರ, ಹೂ, ಹಕ್ಕಿ, ಜೀವಿಗಳನ್ನು ಘೋಷಿಸಿಕೊಂಡಿತಲ್ವಾ? ಕಾಸರಕ ಮರ ಈಗ ನಮ್ಮ ಜಿಲ್ಲಾ ಮರ. ನಿಮ್ಮ ವಾರ್ಡಿನಲ್ಲಿ ಹಳೆಯ ಕಾಸರಕ ಎಲ್ಲೆಲ್ಲಿದೆ ಅಂತ ಅದೇ ಪುಸ್ತಕದಲ್ಲಿ ಬರೆದಿಡಿ.

ಭಾಷೆಯ ವಿಷಯದಲ್ಲಿ ಸಂಕೋಚ ಬೇಡ. ಭಾಷಾ ಅಲ್ಪಸಂಖ್ಯಾತ ಪ್ರದೇಶ ಅಂತ ಘೋಷಿಸಿದ ಕಡೆ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಲು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಅವಕಾಶ ಕೊಟ್ಟಿದೆ, ಉತ್ತರವೂ ಕನ್ನಡದಲ್ಲೇ ಬರಬೇಕು. ಸಭೆಯ ನೋಟೀಸು, ನಿರ್ಣಯ ಎರಡೂ ಕನ್ನಡ, ಮಲಯಾಳ ಎರಡರಲ್ಲೂ ಇರಲಿ. ಅರ್ಥವಾಗದ ನಿರ್ಣಯಕ್ಕೆ ನಮ್ಮ ಹಿರಿಯರು ಸುಮ್ನೆ ಸಹಿ ಹಾಕುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಓದಿ ಹೇಳಿದ ಮೇಲೆಯೇ ಸಹಿ ಹಾಕಿಸಿ.

ಕೊನೆಯದು ಸಮಯ. ಹೆಚ್ಚಿನ ಸಲಹೆಗಳು ಬಿದ್ದುಹೋಗುವುದು ಇಲ್ಲೇ. ಪಂಚಾಯತಿನ ವಾರ್ಷಿಕ ಯೋಜನೆ ಏಪ್ರಿಲ್ 1ರಿಂದ ಶುರು, ತಯಾರಿ ತಿಂಗಳುಗಳ ಮೊದಲೇ ನಡೆಯುತ್ತದೆ. ಒಂದೊಂದು ವಿಷಯದ ಯೋಜನೆ ಬರೆಯುವ ಕಾರ್ಯಸಮಿತಿ, ಗ್ರಾಮಸಭೆ, ಅಭಿವೃದ್ಧಿ ಸೆಮಿನಾರು, ಆಮೇಲೆ ಜಿಲ್ಲಾ ಯೋಜನಾ ಸಮಿತಿಯ ಮಂಜೂರಾತಿ. ಮಾರ್ಚಿನಲ್ಲಿ ಬಾವಿ ಬತ್ತಿದಾಗ ಕೊಟ್ಟ ಅರ್ಜಿ ಆ ವರ್ಷದ ದುಡ್ಡಿಗೆ ಸೇರುವುದಿಲ್ಲ. ಮಳೆಗಾಲದಲ್ಲೇ ಬರವಣಿಗೆ ಮುಗಿಸಿ. ಕಾರ್ಯಸಮಿತಿಯ ಸಭೆಗಳು ಯಾವಾಗ ಅಂತ ಕಚೇರಿಯಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ಗ್ರಾಮಸಭೆಯಲ್ಲಿ ಅದೇ ಬೇಡಿಕೆ ವಾರ್ಡಿನ ಜನರ ಬಾಯಿಂದ ಬರಬೇಕು. ಅದಕ್ಕೆ ಮೊದಲೇ ಮಹಿಳೆಯರ ಕುಟುಂಬಶ್ರೀ ಕೂಟಗಳಲ್ಲಿ ಕುಳಿತು ಮಾತಾಡಿ. ಅರ್ಜಿ ಒಂದು ಪುಟ ಮೀರದಿರಲಿ: ತೋಡಿನ ಹೆಸರು, ಜಾಗ, ಎಷ್ಟು ಮನೆಗಳಿಗೆ ಉಪಯೋಗ, ಬಾವಿಗಳ ಅಳತೆ, ಜಾಗದ ಮಾಲೀಕರ ಒಪ್ಪಿಗೆ. ಸ್ವೀಕೃತಿ ರಶೀದಿ ತೆಗೆದುಕೊಳ್ಳದೆ ಕಚೇರಿಯಿಂದ ಹೊರಬರಬೇಡಿ. ಪಂಚಾಯತು ಒಪ್ಪದಿದ್ದರೆ ಕಾರಣವನ್ನು ಬರಹದಲ್ಲಿ ಕೇಳಿ.

ಕಟ್ಟ ಆದ ಮೇಲೂ ಅದೇ ನಾಲ್ಕು ಬಾವಿಗಳನ್ನು ಏಪ್ರಿಲ್, ಮೇ ತಿಂಗಳಲ್ಲಿ ಅಳೆಯಿರಿ. ಮೇಲಿನ ತೋಡಿಗೆ ಕಟ್ಟ ಕೇಳುವಾಗ ಆ ಅಳತೆಯ ಪ್ರತಿಯನ್ನು ಅರ್ಜಿಯ ಜೊತೆಗೆ ಇಡಿ.