ಹೊಳೆ ಮೀನಿಗೆ ಮತ್ತೆ ಜಾಗ ಮಾಡಿಕೊಡಬೇಕಾ?

ಮೊದಲು ಗಿಡ ತರಬೇಡಿ. ಗಾಳ ಹಾಕುವ ಊರಿನ ಹಿರಿಯರೊಬ್ಬರ ಜೊತೆ ಹೊಳೆ ಬದಿ ನಡೆಯಿರಿ. ಬೇಸಿಗೆಯಲ್ಲೂ ಬತ್ತದ ಗುಂಡಿ ಯಾವುದು, ಮಳೆ ಬಿದ್ದಾಗ ಮೀನು ಹತ್ತುವ ತೋಡು ಯಾವುದು, ಅವರಿಗೆ ಗೊತ್ತಿರುತ್ತದೆ.

ಆಮೇಲೆ ಕಾಫಿ ತೋಟದವರು. ಕೊಡಗಿನಲ್ಲಿ ಇದೇ ಅಸಲಿ ಕೆಲಸ. ಪಲ್ಪಿಂಗ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವುದು, ಶುರುವಾದರೆ ಆ ಹುಳಿ ನೀರು ತೋಡಿಗೆ ಇಳಿಯುತ್ತದೆ, ಕೊಳೆಯುತ್ತಾ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತದೆ, ಹೊಳೆಯೂ ಆಗ ಸಣ್ಣಗಾಗಿರುತ್ತದೆ, ಮೀನು ಎಲ್ಲಿಗೆ ಹೋಗಬೇಕು? ಫೆಬ್ರವರಿ, ಮಾರ್ಚ್‌ನಲ್ಲಿ ಹೂವಿಗೆ ನೀರು ಹಾಯಿಸಲು ಎಲ್ಲರೂ ಒಟ್ಟಿಗೆ ಪಂಪ್ ಇಡುತ್ತಾರೆ. ಬೈಯಬೇಡಿ, ಸರದಿ ಮಾಡಿಕೊಳ್ಳೋಣ ಅಂತ ಕೇಳಿ. ನಿಮ್ಮದೂ ತೋಟವಿದ್ದರೆ ನಿಮ್ಮ ಪಲ್ಪರ್ ನೀರಿನ ಗುಂಡಿಯನ್ನು ಮೊದಲು ಸರಿ ಮಾಡಿ, ಇಲ್ಲದಿದ್ದರೆ ಯಾರೂ ಕಿವಿಗೊಡಲ್ಲ.

ದಡಕ್ಕೆ ಹೊಳೆಮತ್ತಿ, ಹೊಂಗೆ, ನೇರಳೆ ಸಾಕು. ಸಿಲ್ವರ್ ಓಕ್ ಬೇಡ. ನೀರಿಗೆ ಬಿದ್ದ ಮರ, ಬಂಡೆ ಎಲ್ಲ ಎತ್ತಿ 'ಕ್ಲೀನ್' ಮಾಡಬೇಡಿ, ಮೀನು ಅಡಗುವುದು ಅಲ್ಲೇ.

ಹೊಳೆಗೆ ಮೀನಿನ ಮರಿ ಬಿಡುವ ಆಸೆ ಎಲ್ಲರಿಗೂ ಇರುತ್ತದೆ, ಫೋಟೊ ಚೆನ್ನಾಗಿ ಬರುತ್ತೆ ಅಲ್ವಾ. ಆದರೆ ಕಾವೇರಿಯದೇ ಆದ ಕಿತ್ತಳೆ ರೆಕ್ಕೆಯ ಮಹಶೀರ್ ಮೀನು 2018ರಿಂದ ಅಳಿವಿನ ತೀವ್ರ ಅಪಾಯದ ಪಟ್ಟಿಯಲ್ಲಿದೆ. ಹೊರಗಿನ ನೀಲಿ ರೆಕ್ಕೆಯ ಮಹಶೀರ್ ತಂದು ಬಿಟ್ಟದ್ದೂ ಅದಕ್ಕೊಂದು ಕಾರಣ. ಮೀನುಗಾರಿಕೆ ಇಲಾಖೆಯನ್ನು ಕೇಳದೆ ಒಂದು ಮರಿಯನ್ನೂ ಬಿಡಬೇಡಿ.