ಇಂಗ್ಲಿಷ್ ಬಾರದ ಅತ್ತೆಯೇ ಮೇಷ್ಟ್ರು

ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿ ಹೋಂಸ್ಟೇ ಎಂದರೆ ತೋಟದ ನಡುವೆ ಕಟ್ಟಿಸಿದ ನಾಲ್ಕು ಕೋಣೆ, ಶುಕ್ರವಾರ ರಾತ್ರಿ ಬಂದು ಭಾನುವಾರ ಮಧ್ಯಾಹ್ನ ಹೊರಡುವ ಬೆಂಗಳೂರಿನ ಕಾರುಗಳು ಎಂಬ ಅರ್ಥವೇ ಗಟ್ಟಿಯಾಗಿಬಿಟ್ಟಿದೆ. ನಾನು ಬರೆಯಹೊರಟಿರುವುದು ಅದರ ವಿಷಯವಲ್ಲ. ತೋಟಗಳಲ್ಲಿ ದುಡಿಯುವ ಹೆಂಗಸರ ದಿನಚರಿಯನ್ನು ಅಧ್ಯಯನ ಮಾಡಲು ಅಮೆರಿಕದಿಂದ ಬಂದ ವಿದ್ಯಾರ್ಥಿನಿಯೊಬ್ಬಳು 2018ರ ಆಗಸ್ಟ್‌ನಿಂದ ಮರುವರ್ಷದ ಮೇ ತಿಂಗಳವರೆಗೆ ಮೂಡಿಗೆರೆ ತಾಲ್ಲೂಕಿನ ನಮ್ಮ ಮನೆಯಲ್ಲಿ ಮನೆಯವರೊಂದಿಗೇ ಇದ್ದಳು. ಅವಳ ನಂತರ ಇನ್ನಿಬ್ಬರು ಬಂದು ಹೋದರಾದರೂ, ತಪ್ಪುಗಳನ್ನೆಲ್ಲ ಮೊದಲನೆಯವಳ ಪಾಲಿಗೇ ಮಾಡಿ ಮುಗಿಸಿದ್ದರಿಂದ ಹೇಳಬೇಕಾದದ್ದು ಅವಳ ಕಾಲದ್ದೇ ಹೆಚ್ಚು.

ಅವಳನ್ನು ಕಳಿಸಿದ ಸಂಸ್ಥೆಯವರು ಕೇಳಿದ್ದು ಒಂದು ಪ್ರತ್ಯೇಕ ಕೋಣೆ, ಕುದಿಸಿದ ನೀರು ಮತ್ತು ಕಮೋಡು. ಕಮೋಡಿಗೆ 18,000 ರೂಪಾಯಿ ಸುರಿದೆವು. ಅವಳು ಹಳೆಯದನ್ನೇ ಬಳಸಿದಳು. ಅವಳಿಗೆ ನಿಜವಾಗಿ ಬೇಕಾಗಿದ್ದದ್ದು ಬಚ್ಚಲುಮನೆಗೊಂದು ಒಳಚಿಲಕ. ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಕಲ್ಲೊಂದನ್ನು ಆನಿಸಿ ಮುಚ್ಚಿಕೊಳ್ಳುವುದು ನಮಗೆ ರೂಢಿ. ಆ ಕಲ್ಲನ್ನು ಒಂದು ಕಾಲಿನಿಂದ ಒತ್ತಿ ಹಿಡಿದುಕೊಂಡು ಹಂಡೆಯ ನೀರು ಮೊಗೆದು ಅವಳು ನಾಲ್ಕು ದಿನ ಸ್ನಾನ ಮಾಡಿದ್ದಳೆಂಬ ಸಂಗತಿ, ಐದನೆಯ ದಿನ ಜಾರಿಬಿದ್ದು ಮೊಣಕೈ ತರಚಿಕೊಂಡಾಗಲೇ ನಮಗೆ ತಿಳಿದದ್ದು. ಚಿಲಕಕ್ಕೆ ಖರ್ಚಾದದ್ದು 40 ರೂಪಾಯಿ.

ಕಾಗದಪತ್ರದ ಕೆಲಸವನ್ನು ಸಂಸ್ಥೆಯೇ ನೋಡಿಕೊಳ್ಳುತ್ತದೆ ಎಂದುಕೊಂಡು ಸುಮ್ಮನಿರಬಾರದು. ವಿದೇಶಿಯರು ಮನೆಗೆ ಬಂದ 24 ಗಂಟೆಯೊಳಗೆ ಅವರ ವಿವರವನ್ನು ನಿಗದಿತ ನಮೂನೆಯಲ್ಲಿ (ಆಗ ಅದು ಫಾರ್ಮ್ ಸಿ) ತುಂಬಿ ಸರ್ಕಾರಕ್ಕೆ ತಿಳಿಸಬೇಕಾದವರು ಮನೆಯವರೇ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಕಾನೂನು ಜಾರಿಗೆ ಬಂದ ಮೇಲೂ ಆ ಹೊಣೆ ನಮ್ಮ ತಲೆಯ ಮೇಲೇ ಇದೆ. ಕೊಡಗಿನಲ್ಲಿ ಗುಡ್ಡಗಳು ಕುಸಿದ 2018ರ ಆಗಸ್ಟ್‌ನ ಮಳೆಯಲ್ಲಿ ಅವಳು ಬಂದಿಳಿದದ್ದು. ನಮ್ಮಲ್ಲಿ ಮೂರು ದಿನಗಳಿಂದ ಕರೆಂಟಿರಲಿಲ್ಲ. ನಮ್ಮ ಯಜಮಾನರು ಪಾಸ್‌ಪೋರ್ಟು, ವೀಸಾಗಳ ಜೆರಾಕ್ಸನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಜೀಪಿನಲ್ಲಿ ಮೂಡಿಗೆರೆಗೆ ಹೋಗಿ, ಸೈಬರ್ ಸೆಂಟರಿನಲ್ಲಿ ಕುಳಿತು ಆ ಕೆಲಸ ಮುಗಿಸಿ ಬಂದರು. ಅವಳ ವೀಸಾ 180 ದಿನಗಳಿಗಿಂತ ಹೆಚ್ಚಿನ ಅವಧಿಯದಾದ್ದರಿಂದ 14 ದಿನಗಳೊಳಗೆ ಅವಳೂ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕಾಗಿತ್ತು.

ಇನ್ನು ಮಾತಿನ ವಿಷಯ. ಅವಳು ತನ್ನ ದೇಶದಲ್ಲೇ ಒಂದು ವರ್ಷ ಕನ್ನಡ ಕಲಿತು ಬಂದಿದ್ದಳು. ಆ ಕನ್ನಡವೋ ಪಠ್ಯಪುಸ್ತಕದಿಂದ ಎದ್ದು ಬಂದಂತಿತ್ತು. ಕಾಫಿಯ ಲೋಟ ಕೈಗಿಟ್ಟಾಗಲೆಲ್ಲ "ಧನ್ಯವಾದಗಳು" ಎನ್ನುತ್ತಿದ್ದಳು. ಎರಡು ದಿನ ನೋಡಿದ ನಮ್ಮ ಅತ್ತೆ, "ಏನೇ ಇದು, ಲೋಟ ಲೋಟಕ್ಕೂ ವಂದನಾರ್ಪಣೆ?" ಎಂದು ನನ್ನನ್ನು ಕೇಳಿದರು. ಊಟಕ್ಕೆ ಕುಳಿತಾಗ ಇವಳು "ಸಾಕು" ಎಂದಷ್ಟೂ ಅತ್ತೆ ಇನ್ನೊಂದು ಕಡುಬು ಹಾಕುತ್ತಿದ್ದರು. ಅಜ್ಜಿಗೆ ಕಿವಿ ಮಂದವಿರಬೇಕೆಂದು ಭಾವಿಸಿ ಇವಳು ಗಟ್ಟಿಯಾಗಿ ಕೂಗಲಾರಂಭಿಸಿದಳು. ಈ ಹುಡುಗಿಗೆ ಊಟದ ಮೇಲೆ ಯಾಕಿಷ್ಟು ಸಿಟ್ಟು ಎಂದು ಅತ್ತೆ ಚಿಂತೆಗೆ ಬಿದ್ದರು. ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುವುದನ್ನು ನಾನು ಹೇಳಿಕೊಟ್ಟ ಮೇಲೆ ಇಬ್ಬರಿಗೂ ನೆಮ್ಮದಿಯಾಯಿತು.

ಮೊದಲ ತಿಂಗಳು ಅವಳ ಕನ್ನಡ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ, ಮತ್ತು ಅದಕ್ಕೆ ಕಾರಣ ನಾವೇ. ಪಿಯುಸಿ ಓದುತ್ತಿದ್ದ ನನ್ನ ಮಗ ತನ್ನ ಇಂಗ್ಲಿಷನ್ನು ಸಾಣೆ ಹಿಡಿಯಲು ಅವಳನ್ನೇ ಕಲ್ಲು ಮಾಡಿಕೊಂಡಿದ್ದ. ನಾನೂ ಅವಳು ಪದ ಹುಡುಕುತ್ತಾ ತಡವರಿಸಿದರೆ ಕನಿಕರಪಟ್ಟು ಇಂಗ್ಲಿಷಿಗೆ ಹೊರಳುತ್ತಿದ್ದೆ. ಉಪಕಾರವೆಂದುಕೊಂಡು ಮಾಡುವ ಈ ಅಪಕಾರವನ್ನು ನಮ್ಮಂಥ ಮನೆಗಳವರೆಲ್ಲರೂ ಮಾಡುತ್ತಾರೆಂದೇ ನನ್ನ ಅನಿಸಿಕೆ. ಸೆಪ್ಟೆಂಬರ್‌ನ ಕೊನೆಗೆ ನಾನೊಂದು ಕಟ್ಟಳೆ ಮಾಡಿದೆ. ಮಗನ ಇಂಗ್ಲಿಷ್ ಭಾನುವಾರಕ್ಕೆ ಮಾತ್ರ. ಉಳಿದ ದಿನಗಳಲ್ಲಿ ಸಂಜೆ ಐದರಿಂದ ಏಳರವರೆಗೆ ಅವಳು ಅಡುಗೆಮನೆಯಲ್ಲಿ ಅತ್ತೆಯ ಜೊತೆ ಇರಬೇಕು, ನಾನು ಆ ಕಡೆ ತಲೆ ಹಾಕಬಾರದು. ಮೊದಲ ದಿನವೇ ಅತ್ತೆ "ಕಾಫಿ ಬಗ್ಗಿಸು ಮಗ" ಎಂದದ್ದಕ್ಕೆ ಅವಳು ಸೊಂಟ ಬಗ್ಗಿಸಿ ನಿಂತಳಂತೆ. ಅತ್ತೆ ನಗಲಿಲ್ಲ, ಪಾತ್ರೆಯನ್ನು ಅವಳ ಕೈಗೆ ಕೊಟ್ಟು, ಮಣಿಕಟ್ಟು ಹಿಡಿದು, ಲೋಟಕ್ಕೆ ಬಗ್ಗಿಸಿ ತೋರಿಸಿದರು. ಅವಳ ಟಿಪ್ಪಣಿ ಪುಸ್ತಕದಲ್ಲಿ ಆ ಪದಕ್ಕೆ ಎರಡನೆಯ ಅರ್ಥ ಸೇರಿಕೊಂಡಿತು. ಡಿಸೆಂಬರ್‌ನಲ್ಲಿ ಅರೇಬಿಕಾ ಕಾಫಿಯ ಕೊಯ್ಲು ಬಿರುಸಾಗುವ ಹೊತ್ತಿಗೆ ಅವಳು ಹಣ್ಣು ಬಿಡಿಸುವ ಹೆಂಗಸರ ನಡುವೆ ಚೀಲ ಕಟ್ಟಿಕೊಂಡು ನಿಂತು, ಅವರ ಸಂಬಳ, ಸಾಲ, ಸೊಸೆಯರ ಮಾತನ್ನೆಲ್ಲ ನೇರವಾಗಿ ಕೇಳಿಸಿಕೊಳ್ಳುತ್ತಿದ್ದಳು. ಅವಳ ಅಧ್ಯಯನ ನಿಜವಾಗಿ ಶುರುವಾದದ್ದು ಆಗ.

ಆರೋಗ್ಯದ ವಿಷಯದಲ್ಲಿ ಎರಡು ಮಾತು ಹೇಳಲೇಬೇಕು. ಅಕ್ಟೋಬರ್‌ನಲ್ಲಿ ಅವಳಿಗೆ ಭೇದಿ ಹಿಡಿದು, ನಮಗೆ ತೊಂದರೆಯಾದೀತೆಂದು ಎರಡು ದಿನ ಕೋಣೆಯ ಬಾಗಿಲು ಹಾಕಿಕೊಂಡು ಮುಚ್ಚಿಟ್ಟಳು. ಕುಡಿಯಲು ಕುದಿಸಿ ಆರಿಸಿದ ನೀರನ್ನೇ ಕೊಡುತ್ತಿದ್ದರೂ, ಮಜ್ಜಿಗೆಗೆ ಬೆರೆಸುತ್ತಿದ್ದದ್ದು ಬಾವಿಯ ಹಸಿನೀರು ಎಂಬುದು ನನಗೆ ಹೊಳೆದೇ ಇರಲಿಲ್ಲ. ವಿಷಯ ತಿಳಿದ ರಾತ್ರಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಟೀ ಚಮಚದಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ ಗುಟುಕು ಗುಟುಕಾಗಿ ಕುಡಿಸಿ, ಬೆಳಿಗ್ಗೆ ಆಸ್ಪತ್ರೆಗೆ ಕರೆದೊಯ್ದೆವು. ಎರಡನೆಯದು ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ಜ್ವರ ಆ ಚಳಿಗಾಲದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜೀವಗಳನ್ನು ತೆಗೆದಿತ್ತು. ನಮ್ಮೂರಿನಲ್ಲಿ ಇರಲಿಲ್ಲ ನಿಜ. ಆದರೂ ರಕ್ತ ಹೀರುವ ಉಣುಗಿನಿಂದ ಹರಡುವ ಕಾಯಿಲೆಯಾದ್ದರಿಂದ ಸೌದೆಗೆ ಹೋಗುವ ಹೆಂಗಸರ ಹಿಂದೆ ಕಾಡಂಚಿಗೆ ಹೋಗುವುದನ್ನು ಬೇಡವೆಂದೆವು. ತೋಟದಿಂದ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ಮೈಯೆಲ್ಲ ನೋಡಿಕೊಳ್ಳಬೇಕೆಂಬುದು ಅವಳಿಗೊಬ್ಬಳಿಗೇ ಅಲ್ಲದೆ ಮನೆಯವರಿಗೆಲ್ಲ ನಿಯಮವಾಯಿತು. ಇಂಬಳಗಳಿಗೆ, ಅಂದರೆ ನೆಲದ ಜಿಗಣೆಗಳಿಗೆ, ಮಾತ್ರ ಅವಳು ನಮಗಿಂತ ಬೇಗ ಒಗ್ಗಿಕೊಂಡಳು.

ದುಡ್ಡಿನ ಮಾತನ್ನು ನಾನು ಕೊನೆಯವರೆಗೂ ಮುಂದೂಡಿದಂತೆಯೇ ಇಲ್ಲಿಯೂ ಕೊನೆಗೆ ಉಳಿಸಿಕೊಂಡಿದ್ದೇನೆ. ಸಂಸ್ಥೆಯವರು ಅವಳ ಊಟ ವಸತಿಗೆಂದು ತಿಂಗಳಿಗೆ 12,000 ರೂಪಾಯಿಯನ್ನು ನನ್ನ ಖಾತೆಗೆ ಹಾಕುತ್ತಿದ್ದರು. ಮನೆಗೆ ಬಂದವರಿಗೆ ಉಣ್ಣಿಸಿ ಹಣ ಪಡೆಯುವುದನ್ನು ಅತ್ತೆ ಒಪ್ಪಲಾರರೆಂದು ನಾನೂ ನಮ್ಮ ಯಜಮಾನರೂ ಅವರಿಗೆ ತಿಳಿಸಿರಲಿಲ್ಲ. ಕಾಫಿಗಿಡ ಹೂ ಬಿಡಲು ಬೇಕಾದ ಹೂಮಳೆ ಬಿದ್ದು ಎಂಟೊಂಬತ್ತು ದಿನ ಕಳೆದು, ತೋಟವೆಲ್ಲ ಬೆಳ್ಳಗೆ ಅರಳಿದ್ದ ಒಂದು ಸಂಜೆ, ಅದೇ ಅಡುಗೆಮನೆಯಲ್ಲಿ, ನಾನೇ ಏರ್ಪಾಡು ಮಾಡಿದ್ದ ಆ ಎರಡು ಗಂಟೆಗಳ ನಡುವೆ, ಅವಳು ಒಳ್ಳೆಯ ಆಡುಗನ್ನಡದಲ್ಲಿ ಅಜ್ಜಿಗೆ ಲೆಕ್ಕವನ್ನೆಲ್ಲ ಒಪ್ಪಿಸಿಬಿಟ್ಟಳು. ಮುಚ್ಚಿಡುವ ವಿಷಯವೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಅತ್ತೆ ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಮೂರನೆಯ ದಿನ ಬೆಳಿಗ್ಗೆ, ನಾನು ರವೆ ಹುರಿಯುತ್ತಿದ್ದಾಗ ಹಿಂದೆ ಬಂದು ನಿಂತು, "ತಿಂಗಳಿಗೆ ಅಷ್ಟು ದುಡ್ಡು ಎಣಿಸ್ಕಂಡು ವಾರಕ್ಕೆ ಮೂರು ದಿನ ಉಪ್ಪಿಟ್ಟು ಹಾಕ್ತಿದ್ಯಲ್ಲೇ ಆ ಮಗುಗೆ?" ಎಂದು ಬಾಣಲೆಯನ್ನು ಒಲೆಯಿಂದ ಕೆಳಗಿಳಿಸಿ, ರೊಟ್ಟಿಗೆ ಅಕ್ಕಿಹಿಟ್ಟು ತೆಗೆದುಕೊಡುವಂತೆ ಅವಳನ್ನು ಕೂಗಿ ಕರೆದರು.